ಹಿಂದೆ ಹೇಳುವವರ ಜಾಗ

ನಮ್ಮ ರೇಡಿಯೋ ನಿಲಯ ಇದ್ದದ್ದು ಹೊಸನಗರದಿಂದ ಹುಂಚಕ್ಕೆ ಹೋಗುವ ದಾರಿಯಲ್ಲಿ, ಮುಚ್ಚಿಹೋದ ಒಂದು ಅಕ್ಕಿ ಗಿರಣಿಯ ಮಹಡಿಯ ಮೇಲೆ. ಕೆಳಗೆ ಗಿರಣಿಯ ಯಂತ್ರಗಳು ತುಕ್ಕು ಹಿಡಿದು ನಿಂತಿದ್ದವು. ಮೇಲಿನ ಎರಡು ಕೋಣೆಗಳಲ್ಲಿ ಒಂದರ ಗೋಡೆಗೆ ಮೊಟ್ಟೆಯ ಟ್ರೇಗಳನ್ನು ಅಂಟಿಸಿ ಅದರ ಮೇಲೆ ಗೋಣಿತಾಟು ಹೊದಿಸಿದ್ದರು. ಧ್ವನಿಮುದ್ರಣ ಆಗುತ್ತಿದ್ದದ್ದು ಅಲ್ಲೇ. ಗಿರಣಿ ನಿಂತು ಎಷ್ಟೋ ವರ್ಷಗಳಾಗಿದ್ದರೂ ತೌಡಿನ ವಾಸನೆ ಹೋಗಿರಲಿಲ್ಲ. ಮಾತಾಡಲು ಬಂದವರು ಮೈಕಿನ ಮುಂದೆ ಕೂತು ಮೊದಲು ಒಂದೆರಡು ಸಲ ಸೀನುತ್ತಿದ್ದರು.

ನಡೆಸುತ್ತಿದ್ದವರು ಸಾಗರದ ಒಂದು ಸಂಘದವರು. ತಮಾಷೆಯೆಂದರೆ ಸಾಗರದಲ್ಲಿ ನಮ್ಮ ನಿಲಯ ಕೇಳುತ್ತಿರಲಿಲ್ಲ. ಸಮುದಾಯ ರೇಡಿಯೋಗೆ ಕಂಬದ ಎತ್ತರ, ಪ್ರಸಾರದ ಶಕ್ತಿ ಎಲ್ಲಕ್ಕೂ ಮಿತಿ ಇದೆ. ಗುಡ್ಡ ಎಲ್ಲಿ ಅಡ್ಡ ಬರುತ್ತದೋ ಅಲ್ಲಿಗೆ ನಾವು ಮುಗಿಯುತ್ತಿದ್ದೆವು. ಹೊಸನಗರ ಪೇಟೆಯಲ್ಲಿ ಚೆನ್ನಾಗಿ ಕೇಳುತ್ತಿತ್ತು. ಹುಂಚದಲ್ಲಿ ಕೆಲವು ಮನೆಗಳಲ್ಲಿ ಮಾತ್ರ, ಅದೂ ರೇಡಿಯೋ ಇಡುವ ಜಾಗ ಸರಿ ಹೊಂದಿದರೆ. ತೀರ್ಥಹಳ್ಳಿ ಕಡೆಗೆ ಅಲ್ಲಿಂದ ಮುಂದೆ ಬರೀ ಗರಗರ.

ಬೆಳಿಗ್ಗೆ ಸಾಗರದ ಅಡಿಕೆ ದರ, ಯಾವ ಬಸ್ಸು ಇಲ್ಲ ಎನ್ನುವ ಸುದ್ದಿ, ದನಗಳ ಡಾಕ್ಟರ ಮಾತು. ಉಳಿದದ್ದೆಲ್ಲ ಹಾಡು. ಸಿನಿಮಾ ಹಾಡಲ್ಲ, ಸುತ್ತಲಿನ ಹಳ್ಳಿಗಳ ಜನ ಹಾಡಿದ್ದು. ಸಸಿ ನೆಡುವಾಗಿನ ನೆಟ್ಟಿ ಹಾಡು, ಕೋಲಾಟದ ಹಾಡು, ಮದುವೆಯ ಸೋಬಾನೆ. ಮಹಡಿಗೆ ತಗಡಿನ ಮಾಡು ಇದ್ದುದರಿಂದ ಮಳೆಗಾಲದಲ್ಲಿ ಏನೂ ಮುದ್ರಿಸಲು ಆಗುತ್ತಿರಲಿಲ್ಲ. ಹಾಗಾಗಿ ನೆಟ್ಟಿ ಹಾಡುಗಳನ್ನು ಬೇಸಿಗೆಯಲ್ಲೇ ಹಾಡಿಸಿ ಇಟ್ಟುಕೊಳ್ಳಬೇಕಿತ್ತು. ಬಿರುಬಿಸಿಲಿನಲ್ಲಿ ಫ್ಯಾನ್ ಆರಿಸಿದ ಕೋಣೆಯೊಳಗೆ ಬೆವರು ಸುರಿಸುತ್ತಾ ಹೆಂಗಸರು ಕೆಸರುಗದ್ದೆಯ ಹಾಡು ಹೇಳುತ್ತಿದ್ದರು. "ಕಾಲಿಗೆ ನೀರಿಲ್ದೆ ಪದ ನೆನಪಾಗಲ್ಲ ಮಾರಾಯ್ರೆ" ಎಂದು ಒಬ್ಬರು ಹಟ ಹಿಡಿದಾಗ ಅವರ ಪಾದದ ಕೆಳಗೆ ಒಂದು ಬೇಸಿನ್‌ನಲ್ಲಿ ನೀರು ಇಟ್ಟದ್ದೂ ಉಂಟು. ನೆನಪಾಯಿತು.

ನಿಲಯ ಶುರುವಾದಾಗ ನಾನು ಕಾಲೇಜಿನಲ್ಲಿದ್ದೆ. ಎಂ.ಎ. ಮುಗಿಸಿ ಊರಿಗೆ ಬಂದ ವರ್ಷ ಅಲ್ಲಿ ಕೆಲಸಕ್ಕೆ ಸೇರಿದೆ. ಉದ್ಘೋಷಣೆ, ಧ್ವನಿ ಸಂಕಲನ, ಬಂದವರಿಗೆ ಚಹಾ ತರಿಸುವುದು, ಎಲ್ಲವೂ. ನನ್ನ ದನಿ ಹಳ್ಳಿ ಹಳ್ಳಿಗೆ ಕೇಳುತ್ತದೆ ಎನ್ನುವುದು ನನಗೆ ಮೊದಮೊದಲು ಮುಜುಗರ ತರುತ್ತಿತ್ತು. ಮೈಕಿನ ಮುಂದೆ ಸಮಯ ಹೇಳುವಾಗ ಕಣ್ಣು ಮುಚ್ಚಿಕೊಳ್ಳುತ್ತಿದ್ದೆ. ನಿಲಯವನ್ನು ನೋಡಿಕೊಳ್ಳುತ್ತಿದ್ದವರು ಶಿವಮೊಗ್ಗದಿಂದ ಬಂದಿದ್ದ ಒಬ್ಬ ತರುಣ. ನಾವು ಅವರನ್ನು ಸರ್ ಎನ್ನುತ್ತಿದ್ದೆವು. ಒಳ್ಳೆಯವರು, ಯಂತ್ರದ ಕೆಲಸ ಗೊತ್ತಿದ್ದವರು. ನನ್ನ ಅವ್ವ ಸೋಬಾನೆ ಹೇಳುತ್ತಾಳೆಂದು ತಿಳಿದದ್ದೇ ಅವಳಿಗೊಂದು ಕಾರ್ಯಕ್ರಮ ಕೊಟ್ಟರು. ಶನಿವಾರ ಮಧ್ಯಾಹ್ನ, ಊಟದ ಹೊತ್ತು ಕಳೆದ ಮೇಲೆ.

ಇಲ್ಲಿ ಸೋಬಾನೆಯ ಕ್ರಮವನ್ನು ಹೇಳಬೇಕು. ಒಬ್ಬಳು ಸಾಲು ಎತ್ತುತ್ತಾಳೆ. ಇನ್ನೊಬ್ಬಳು ಅದೇ ಸಾಲನ್ನು ಹಿಂದೆ ಹೇಳುತ್ತಾಳೆ. ಹಿಂದೆ ಹೇಳದೆ ಮುಂದಿನ ಸಾಲಿಗೆ ಹೋಗುವ ಹಾಗಿಲ್ಲ. ಒಂದು ಸಾಲು ಮರುಮಾತಿಲ್ಲದೆ ಬಿದ್ದರೆ ಮದುಮಗಳಿಗೆ ಒಳ್ಳೆಯದಲ್ಲ ಎಂದು ನಮ್ಮ ಕಡೆ ನಂಬುತ್ತಾರೆ. ನಮ್ಮ ಮನೆಯಲ್ಲಿ ಎತ್ತುವವಳು ಅವ್ವ. ಹಿಂದೆ ಹೇಳುವವಳು ದೊಡ್ಡಮ್ಮ, ಅಪ್ಪನ ಅಣ್ಣನ ಹೆಂಡತಿ. ಹತ್ತಿರದ ಮದುವೆಗಳಿಗೆಲ್ಲ ಇಬ್ಬರನ್ನೂ ಜೊತೆಯಲ್ಲೇ ಕರೆಯುತ್ತಿದ್ದರು. ಒಬ್ಬಳನ್ನೇ ಕರೆದರೆ ಅರ್ಧ ಕರೆದ ಹಾಗೆ. ನಾನು ಸಣ್ಣವಳಿದ್ದಾಗ ಅವರಿಬ್ಬರ ದನಿ ಬೇರೆ ಬೇರೆ ಎಂದು ನನಗೆ ಗೊತ್ತಿರಲಿಲ್ಲ. ಒಂದೇ ದನಿ ಹೋಗಿ ತಿರುಗಿ ಬರುತ್ತದೆ ಅಂದುಕೊಂಡಿದ್ದೆ.

ನಾನು ಹೈಸ್ಕೂಲಿನಲ್ಲಿದ್ದಾಗ ಮನೆ ಹಿಸ್ಸೆಯಾಯಿತು. ಗೇಣಿ ಮಾಡುತ್ತಿದ್ದ ಗದ್ದೆ ಅಜ್ಜನ ಕಾಲದಲ್ಲಿ ನಮ್ಮದಾಗಿತ್ತು. ಅದನ್ನು ಪಾಲು ಮಾಡುವುದು ಕಷ್ಟವಾಗಲಿಲ್ಲ. ಕಷ್ಟವಾದದ್ದು ಕಣ. ಒಂದೇ ಕಣದ ನಡುವೆ ಬೇಲಿ ಹಾಕಿದ ದಿನ ಹೆಂಗಸರ ನಡುವೆಯೂ ಮಾತು ಬಂತು. ಯಾರು ಏನು ಅಂದರು ಎನ್ನುವುದು ನನಗೆ ಇವತ್ತಿಗೂ ಪೂರ್ತಿ ಗೊತ್ತಿಲ್ಲ. ಕೇಳಿಯೂ ಇಲ್ಲ. ಅಂದಿನಿಂದ ಅವ್ವ ಮತ್ತು ದೊಡ್ಡಮ್ಮ ಮಾತು ಬಿಟ್ಟರು.

ಆದರೂ ಎರಡು ವರ್ಷದ ನಂತರ ಹೊಸನಗರದಲ್ಲಿ ನೆಂಟರ ಮದುವೆಯೊಂದರಲ್ಲಿ ಅವ್ವ ಚಪ್ಪರದ ಈ ತುದಿಯಿಂದ ಸಾಲು ಎತ್ತಿದಾಗ ಆ ತುದಿಯಲ್ಲಿ ವೀಳ್ಯದೆಲೆ ಒರೆಸುತ್ತಾ ಕೂತಿದ್ದ ದೊಡ್ಡಮ್ಮ ತಲೆ ಎತ್ತದೆ ಹಿಂದೆ ಹೇಳಿದಳು. ಹಾಡು ಪೂರ್ತಿ ಮುಗಿಯಿತು. ಮುಗಿದ ಮೇಲೆ ಇಬ್ಬರೂ ಬೇರೆ ಬೇರೆ ಪಂಕ್ತಿಯಲ್ಲಿ ಊಟಕ್ಕೆ ಕೂತರು. ಯಾರಿಗೂ ಇದು ವಿಚಿತ್ರ ಎನಿಸಲಿಲ್ಲ. ಮಾತು ಬಿಟ್ಟವರು ಹಾಡು ಬಿಡಬೇಕೆಂದಿಲ್ಲ. ಹಾಡಿದರೆ ಮಾತಾಡಿದ ಹಾಗಲ್ಲ. ಅದಾದ ಸ್ವಲ್ಪ ದಿನಕ್ಕೆ ದೊಡ್ಡಪ್ಪ ತನ್ನ ಪಾಲು ಮಾರಿ ತೀರ್ಥಹಳ್ಳಿಯಾಚೆ ಮೇಗರವಳ್ಳಿ ಹತ್ತಿರ ಜಮೀನು ಕೊಂಡು ಹೋದರು. ಮದುವೆಗಳಲ್ಲಿ ಸಿಗುವುದೂ ನಿಂತಿತು. ಬೇರೆ ಹೆಂಗಸರು ಅವ್ವನ ಜೊತೆ ಹೇಳಲು ಕೂತರು. ಅವ್ವ ಅವರ ಮೇಲೆ ತಪ್ಪು ಹೊರಿಸಲಿಲ್ಲ, ಆದರೆ ಕರೆಯಲು ಬಂದಾಗ ಸೊಂಟನೋವು ಎನ್ನಲು ಶುರುಮಾಡಿದಳು.

ರೇಡಿಯೋಗೆ ಹಾಡಲು ಅವ್ವ ಒಬ್ಬಳೇ ಬಂದಳು. ಸಾಲು ಎತ್ತಿದಳು. ಆಮೇಲೆ ಸುಮ್ಮನಾದಳು, ಒಂದು ಸಾಲಿನಷ್ಟು ಹೊತ್ತು. ಮತ್ತೆ ಮುಂದಿನ ಸಾಲು. ಸರ್ ಗಾಜಿನ ಆಚೆಯಿಂದ ನನ್ನನ್ನು ನೋಡಿದರು. ಮರೆತಿರಬೇಕು, ವಯಸ್ಸಾಗಿದೆ ಎಂದುಕೊಂಡರಂತೆ. ನಾನು ಊರಿನಲ್ಲಿರದ ಎರಡು ದಿನಗಳಲ್ಲಿ ಅವರೇ ಕೂತು ಖಾಲಿ ಜಾಗವನ್ನೆಲ್ಲ ಶ್ರದ್ಧೆಯಿಂದ ಕತ್ತರಿಸಿ ಸಾಲಿಗೆ ಸಾಲು ಜೋಡಿಸಿದರು.

ಶನಿವಾರ ಪ್ರಸಾರವಾಯಿತು. ಭಾನುವಾರ ಬಸ್ ಸ್ಟಾಪಿನಲ್ಲಿ ಪಕ್ಕದ ಕೇರಿಯ ಹೆಂಗಸೊಬ್ಬರು ನನ್ನನ್ನು ಹಿಡಿದರು.

"ನಿಮ್ಮವ್ವನ್ನ ಯಾರಾದ್ರೂ ಅಟ್ಟಿಸ್ಕಂಡು ಬಂದಿದ್ರಾ? ಉಸಿರೇ ತಗಳ್ಳಿಲ್ಲ!"

"ಎಡಿಟಿಂಗ್‌ನಲ್ಲಿ ಹಾಗಾಗಿದೆ."

"ಅದೆಂತದೋ. ನಾನು ಪಾತ್ರೆ ತೊಳೀತಾ ಹಿಂದೆ ಹೇಳಕ್ಕೆ ಬಾಯಿ ತೆಗ್ದೆ, ಅಷ್ಟೊತ್ತಿಗೆ ಅವ್ಳು ಮುಂದಿನ ಸಾಲಿಗೆ ಹೋಗಿಬಿಟ್ಲು. ನಮ್ಮ ಪಾಲು ನಮಗೆ ಬಿಡ್ಬೇಕಪ್ಪ."

ಸರ್‌ಗೆ ಹೇಳಿದೆ. ಅವರು ಒಪ್ಪಿಕೊಂಡು ಖಾಲಿ ಜಾಗಗಳನ್ನು ಮತ್ತೆ ಸೇರಿಸಿದರು. ಮುಂದಿನ ಶನಿವಾರ ಇನ್ನೊಂದು ತೊಂದರೆ. ಪ್ರಸಾರದ ಯಂತ್ರದಲ್ಲಿ ಒಂದು ವ್ಯವಸ್ಥೆ ಇತ್ತು. ಸ್ವಲ್ಪ ಹೊತ್ತು ಸದ್ದು ಬರದಿದ್ದರೆ ಏನೋ ಕೆಟ್ಟಿದೆ ಎಂದು ತಿಳಿದು ಅದು ತಾನೇ ಬೇರೆ ಏನಾದರೂ ಹಾಕಿಬಿಡುತ್ತಿತ್ತು. ಅವ್ವ ಮದುಮಗಳನ್ನು ಹಸೆಗೆ ಕರೆಯುವ ಸಾಲು ಎತ್ತಿ ನಿಲ್ಲಿಸಿದಳು. ತಕ್ಷಣ ಗಂಡಸಿನ ದನಿಯೊಂದು, "ರೈತ ಬಾಂಧವರೇ, ನಿಮ್ಮ ರಾಸುಗಳಿಗೆ ಕಾಲುಬಾಯಿ ಜ್ವರದ ಲಸಿಕೆ ತಪ್ಪದೇ ಹಾಕಿಸಿ" ಎಂದಿತು. ಆ ವಾರವೆಲ್ಲ ಅವ್ವ ಹೋದಲ್ಲಿ ಬಂದಲ್ಲಿ ಅದೇ ಮಾತು. "ಎಂತದೇ, ಮದುಮಗಳಿಗೆ ಲಸಿಕೆ ಹಾಕ್ಸಿದ್ರಾ?"

ಸರ್ ಬಹಳ ನೊಂದುಕೊಂಡರು. ಯಂತ್ರದ ಆ ವ್ಯವಸ್ಥೆ ತೆಗೆದರೆ ನಿಜವಾಗಿ ಕೆಟ್ಟಾಗ ಗೊತ್ತಾಗುವುದಿಲ್ಲ. "ಅಮ್ಮ, ನೀವೇ ಆ ಜಾಗದಲ್ಲಿ ಸುಮ್ಮನೆ ಗುನುಗಿಬಿಡಿ" ಎಂದು ಕೇಳಿಕೊಂಡರು.

"ಅದು ನಂದಲ್ಲ ಮಾರಾಯ್ರೆ."

"ಇನ್ನೊಬ್ಬರನ್ನ ಕರೆಸೋಣವಾ ಹಾಗಾದರೆ? ನಿಮ್ಮ ಮಗಳೇ ಹೇಳಲಿ."

"ಅವಳ್ದೂ ಅಲ್ಲ."

ಕೊನೆಗೆ ಅವ್ವ ಮನೆಯಿಂದ ಮೊರವನ್ನೂ ಒಂದಿಷ್ಟು ಅಕ್ಕಿಯನ್ನೂ ತಂದಳು. ಸಾಲು ಎತ್ತುವುದು, ನಿಲ್ಲಿಸುವುದು, ನಿಂತಷ್ಟು ಹೊತ್ತು ಮೊರದಲ್ಲಿ ಅಕ್ಕಿಯನ್ನು ಮೆಲ್ಲಗೆ ಕೇರುವುದು. ಯಂತ್ರಕ್ಕೆ ಅಷ್ಟು ಸದ್ದು ಸಾಕಾಯಿತು. ಅಂದಿನಿಂದ ಶನಿವಾರದ ಹಾಡು ಹೀಗೇ ನಡೆಯಿತು. ಆ ಸರಸರ ಸದ್ದಿನ ಮೇಲೆ ಎಷ್ಟೋ ಮನೆಗಳಲ್ಲಿ ಹೆಂಗಸರು ಹಿಂದೆ ಹೇಳುತ್ತಿದ್ದರು. ಫೋನ್ ಮಾಡಿ ಹಾಗೆಂದು ತಿಳಿಸುತ್ತಿದ್ದರು. ಅವ್ವನಿಗೆ ಸಂತೋಷವೇ ಆಗುತ್ತಿತ್ತು. ಆದರೆ ಅವಳು ಕೇಳುತ್ತಿದ್ದದ್ದು ಬೇರೆ.

"ಮೇಗರವಳ್ಳಿ ಕಡೆಯಿಂದ ಯಾರಾದ್ರೂ ಮಾಡಿದ್ರಾ?"

ಅಲ್ಲಿಗೆ ಕೇಳುವುದಿಲ್ಲ ಎಂದು ನಾನು ಹೇಳಿದ್ದೆ. ನಂಬಿಕೆಯಾಗಲಿಲ್ಲವೇನೋ. ಒಮ್ಮೆ ಸರ್ ಬಳಿ, "ಆ ಕಂಬ ಇನ್ನೊಂದ್ ಸ್ವಲ್ಪ ಎತ್ತರ ಮಾಡಕ್ಕಾಗಲ್ವಾ?" ಎಂದು ಕೇಳಿದಳು. ಅವರು ಸರ್ಕಾರದ ನಿಯಮ ವಿವರಿಸಿದರು. "ಅಡಿಕೆ ಮರನೇ ಅದಕ್ಕಿಂತ ಎತ್ತರ ಇರ್ತದೆ" ಎಂದು ಗೊಣಗುತ್ತಾ ಇಳಿದು ಹೋದಳು. ನಾನೊಂದು ಸಲ ತೀರ್ಥಹಳ್ಳಿಗೆ ಹೋಗುವಾಗ ಸಣ್ಣ ರೇಡಿಯೋ ಕಿವಿಗೆ ಹಿಡಿದುಕೊಂಡೇ ಕೂತಿದ್ದೆ. ಹುಂಚ ದಾಟಿ ಸ್ವಲ್ಪ ದೂರಕ್ಕೆ ಹಾಡು ಚೂರುಚೂರಾಯಿತು. ಒಂದು ಏರಿನಲ್ಲಿ ಅರ್ಧ ಸಾಲು ಬಂತು, ಹೋಯಿತು. ಬಂದು ಅವ್ವನಿಗೆ ಹಾಗೇ ಹೇಳಿದೆ. ಅವಳು "ಹೌದಾ" ಎಂದಳು.

"ಬೇಕಾದರೆ ಮೊಬೈಲಿಗೆ ಕಳಿಸ್ತೀನಿ. ದೊಡ್ಡಮ್ಮನ ಮನೆಯಲ್ಲಿ ವಾಟ್ಸಾಪ್ ಇದೆ."

"ಬೇಡ."

"ಯಾಕೆ?"

"ಕಳಿಸಿದ್ರೆ ನಾನೇ ಮೊದ್ಲು ಮಾತಾಡ್ದಂಗಾಯ್ತು. ರೇಡಿಯೋ ಹಂಗಲ್ಲ. ಅದು ಯಾರಿಗೂ ಅಂತ ಅಲ್ಲ. ಕೇಳಿದ್ರೆ ಕೇಳಿದ್ರು."

ಅವ್ವನ ಲೆಕ್ಕ ನನಗೆ ಆಗ ಅರ್ಥವಾಯಿತು. ಇಬ್ಬರಲ್ಲಿ ಒಬ್ಬರೂ ಬಾಗದೆ, ಯಾರೂ ಯಾರನ್ನೂ ಕರೆಯದೆ, ದೊಡ್ಡಮ್ಮ ತನ್ನ ಜಾಗಕ್ಕೆ ಬಂದು ನಿಲ್ಲಬೇಕು. ಅದಕ್ಕೆ ಈ ಗಿರಣಿಯ ಮಹಡಿ ಬಿಟ್ಟರೆ ಬೇರೆ ದಾರಿ ಅವಳಿಗೆ ಕಂಡಿರಲಿಲ್ಲ. ನಡುವೆ ಇದ್ದದ್ದು ಜಗಳವಲ್ಲ, ಬರೀ ಗುಡ್ಡ.

ನಿಲಯದ ಅನುಮತಿ ನವೀಕರಿಸುವ ಕಾಲ ಬಂದಾಗ ಸಾಗರದ ಸಂಘ ಕೈಚೆಲ್ಲಿತು. ಓಡಾಡುವವರೇ ಉಳಿದಿರಲಿಲ್ಲ. ಯಂತ್ರ ಹಳತಾಗಿತ್ತು. ರಿಪೇರಿಗೆ ಬರುವವರು ಬೆಂಗಳೂರಿನಿಂದ ಬರಬೇಕಿತ್ತು. ನಿಲ್ಲಿಸುತ್ತೇವೆ ಎನ್ನುವ ಪ್ರಕಟಣೆಯನ್ನು ನಾನೇ ಓದಿದೆ. ಓದಿದ ಮೇಲೆ ಫೋನುಗಳು ಬಂದವು. ಬೇಸರ ಹೇಳಿದವರು, ಬೈದವರು, ಅಡಿಕೆ ದರ ಇನ್ನು ಯಾರು ಹೇಳುತ್ತಾರೆ ಎಂದು ಕೇಳಿದವರು. ಅವರ ನಡುವೆ ಹುಂಚದಿಂದ ಒಬ್ಬ ಹೆಂಗಸು.

"ಶನಿವಾರದ ಸೋಬಾನೇನೂ ಇರಲ್ವಾ?"

"ಮುಂದಿನ ಶನಿವಾರ ಕೊನೆ."

"ಅಯ್ಯೋ. ಹಂಗಾದ್ರೆ ನಮ್ಮಕ್ಕಂಗೆ ಎಂತ ಹೇಳೋದು? ನನ್ನ ದೊಡ್ಡಮ್ಮನ ಮಗಳು, ಮೇಗರವಳ್ಳಿಯಿಂದ ಬರ್ತಾಳೆ, ಶನಿವಾರ ಶನಿವಾರ. ತೀರ್ಥಹಳ್ಳೀಲಿ ಬಸ್ ಬದ್ಲಾಯ್ಸಿ. ಬಂದು, ಹಾಡು ಹೇಳಿ, ಚಾ ಕುಡ್ದು, ವಾಪಸ್ ಹೋಗ್ತಾಳೆ. ಗಂಡ ಕೇಳಿದ್ರೆ ತಂಗೀಗೆ ಹುಷಾರಿಲ್ಲ ಅಂತಾಳಂತೆ. ನಾನು ಹುಷಾರಾಗೇ ಇದೀನಿ."

ಮೇಗರವಳ್ಳಿಯಿಂದ ಬರುವ ಆ ಅಕ್ಕ ನಮ್ಮ ದೊಡ್ಡಮ್ಮನಲ್ಲದೆ ಬೇರೆ ಯಾರೂ ಆಗಿರಲಾರಳು. ಹುಂಚದಲ್ಲಿ ಅವರ ಮನೆ ಎಲ್ಲಿ ಎಂದು ಕೇಳಿಕೊಂಡೆ.

ಕೊನೆಯ ಶನಿವಾರ ಅವ್ವ ನೇರ ಪ್ರಸಾರದಲ್ಲಿ ಹಾಡುವುದೆಂದಾಯಿತು. ನಾನು ಇರುವುದಿಲ್ಲ, ಹುಂಚದಲ್ಲಿ ಹೇಗೆ ಕೇಳುತ್ತದೆ ನೋಡಿ ಬರುತ್ತೇನೆ ಎಂದೆ. "ಕೊನೇ ದಿನ ನೋಡಿ ಎಂತ ಮಾಡ್ತೀಯ?" ಎಂದಳು. ಅವಳಿಗೆ ಮೊದಲೇ ಹೇಳಿ, ಅಂದು ದೊಡ್ಡಮ್ಮ ಬರದೇ ಹೋದರೆ? ಕಣ್ಣಾರೆ ನೋಡಿದ ಮೇಲೆ ಹೇಳೋಣ ಎಂದುಕೊಂಡೆ.

ಆ ಮನೆಯಲ್ಲಿ ರೇಡಿಯೋ ಕೇಳುತ್ತಿದ್ದದ್ದು ಹಿತ್ತಿಲ ಜಗಲಿಯಲ್ಲಿ ಮಾತ್ರ. ಅಲ್ಲಿ ಒಂದು ಕೊಡವನ್ನು ಬೋರಲು ಹಾಕಿ ಅದರ ಮೇಲೆ ಇಟ್ಟಿದ್ದರು. ಪಕ್ಕದಲ್ಲಿ ದೊಡ್ಡಮ್ಮ ಕಾಲು ಚಾಚಿ ಕೂತಿದ್ದಳು. ಕೂದಲು ಪೂರ್ತಿ ಬೆಳ್ಳಗಾಗಿತ್ತು. ನನ್ನನ್ನು ಕಂಡು ಗಾಬರಿಯಾದಳು, ಆಮೇಲೆ ಗಾಬರಿ ಮುಚ್ಚಿಕೊಳ್ಳಲು ಬೈಯಲು ಶುರುಮಾಡಿದಳು.

"ಎಂತ ಕೂಸೆ, ಸೊರಗಿ ಕಡ್ಡಿಯಾಗಿದೀಯಲ್ಲ. ರೇಡಿಯೋದವ್ರು ಊಟ ಹಾಕಲ್ವಾ?"

"ಹಾಕ್ತಾರೆ ದೊಡ್ಡಮ್ಮ."

"ಮಾತು ನೋಡು, ಅಳೆದೂ ಸುರಿದೂ. ರೇಡಿಯೋದಲ್ಲಿ ಮಾತ್ರ ನಮಸ್ಕಾರ ನಮಸ್ಕಾರ ಅಂತೀಯ." ನನ್ನ ಕೈ ಹಿಡಿದು ಪಕ್ಕದಲ್ಲಿ ಕೂರಿಸಿಕೊಂಡಳು. "ನಿಮ್ಮವ್ವ ಅದೆಂತ ಮೊರ ಹಿಡ್ಕಂಡು ಕೂರ್ತಾಳೆ? ನಾನು ಮೊದ್ಲು ರೇಡಿಯೋ ಕೆಟ್ಟಿದೆ ಅನ್ಕಂಡಿದ್ದೆ. ಆಮೇಲೆ ಗೊತ್ತಾಯ್ತು. ಅಕ್ಕಿನ ಹಂಗಾ ಕೇರೋದು? ಮದ್ವೆಯಾಗಿ ಬಂದ ಹೊಸದ್ರಲ್ಲಿ ನಾನೇ ಕಲ್ಸಿದ್ದು. ಇನ್ನೂ ಸರಿಯಾಗಿ ಬರಲ್ಲ ಅವಳಿಗೆ."

ಹಾಡು ಶುರುವಾಯಿತು. ಅವ್ವನ ದನಿ ಕೊಡದ ಮೇಲಿನ ಪೆಟ್ಟಿಗೆಯಿಂದ ತೆಳ್ಳಗೆ ಬಂತು, ಸಾಲು ಮುಗಿಯಿತು, ಅಕ್ಕಿಯ ಸದ್ದು ಕೇಳಿತು. ದೊಡ್ಡಮ್ಮ ಕಣ್ಣು ನೆಟ್ಟಗೆ ಹಿತ್ತಿಲ ಬಾಳೆಗಿಡಗಳ ಮೇಲಿಟ್ಟು ಹಿಂದೆ ಹೇಳಿದಳು. ಒಂದಕ್ಷರ ತಪ್ಪಲಿಲ್ಲ. ಆದರೆ ಅವಳ ದನಿ ಮೊದಲಿನದಾಗಿರಲಿಲ್ಲ. ಮೇಲಕ್ಕೆ ಹೋಗುವಲ್ಲಿ ಒಡೆಯುತ್ತಿತ್ತು. ಒಡೆದಾಗ ಕತ್ತು ಉದ್ದ ಮಾಡಿ ಮತ್ತೆ ಹಿಡಿಯುತ್ತಿದ್ದಳು. ಕೆಲವು ಕಡೆ ಸಿಗದೆ ಬರೀ ತುಟಿ ಆಡುತ್ತಿತ್ತು. ಅಷ್ಟರಲ್ಲಿ ಅಲ್ಲಿ ಗಿರಣಿಯ ಮಹಡಿಯ ಮೇಲೆ ಅವ್ವ ಮುಂದಿನ ಸಾಲು ಎತ್ತುತ್ತಿದ್ದಳು. ಅವಳಿಗೆ ಇಲ್ಲಿಯ ಸದ್ದು ಒಂದಿಷ್ಟೂ ಕೇಳುವಂತಿರಲಿಲ್ಲ. ಇಬ್ಬರ ದನಿಯನ್ನೂ ಕೇಳಿದವಳು ನಾನೊಬ್ಬಳೇ, ಮತ್ತೆ ಆ ಮನೆಯಾಕೆ. ಅವರು ಬಾಗಿಲಲ್ಲಿ ನಿಂತು ಸೆರಗಿನಿಂದ ಮೂಗು ಒರೆಸಿಕೊಳ್ಳುತ್ತಿದ್ದರು.

ಮುಗಿದ ಮೇಲೆ ಸರ್ ದನಿ ಬಂತು. ಧನ್ಯವಾದ ಹೇಳಿದರು, ಇನ್ನೊಮ್ಮೆ ಧನ್ಯವಾದ ಹೇಳಿದರು. ಆಮೇಲೆ ಗರಗರ. ದೊಡ್ಡಮ್ಮ ಕೈ ಚಾಚಿ ರೇಡಿಯೋ ಆರಿಸಿದಳು.

"ಅವ್ವನಿಗೆ ಹೇಳಲಾ, ನೀವು ಬರ್ತಿದ್ರಿ ಅಂತ?"

ಅವಳು ಎದ್ದು ಸೀರೆ ಕೊಡವಿದಳು. "ಹೇಳ್ಬೇಕು ಅನ್ಸಿದ್ರೆ ಹೇಳು. ನಾನು ಹೇಳಿ ಕಳ್ಸಿದ್ದು ಅಂತ ಮಾತ್ರ ಹೇಳ್ಬೇಡ." ಬಸ್ಸಿಗೆ ಹೊತ್ತಾಯಿತೆಂದು ಚಹಾ ನಿಂತೇ ಕುಡಿದಳು.

ನಾನು ಮನೆಗೆ ಬಂದಾಗ ಅವ್ವ ಒಲೆಯ ಮುಂದಿದ್ದಳು. ಕಂಡದ್ದನ್ನು ಕಂಡ ಹಾಗೆ ಹೇಳಿದೆ. ಪ್ರತಿ ಶನಿವಾರ ಬರುತ್ತಿದ್ದದ್ದು, ಎರಡು ಬಸ್ಸು, ತಂಗಿಯ ಕಾಯಿಲೆ, ಎಲ್ಲವನ್ನೂ. ಮೊರದ ವಿಷಯವನ್ನೂ ಬಿಡಲಿಲ್ಲ. ಅವ್ವ ಬೆನ್ನು ಹಾಕಿಯೇ ಕೇಳಿಸಿಕೊಂಡಳು. ಒಲೆಗೆ ಸೌದೆ ನೂಕಿ ಕೇಳಿದಳು:

"ದನಿ ಹೆಂಗಿತ್ತು?"

ಸುಳ್ಳು ಹೇಳಬಹುದಿತ್ತು. "ಇಳಿದಿದೆ. ಮೇಲಕ್ಕೆ ಹೋಗುವಾಗ ಒಡೀತದೆ. ಕೆಲವು ಕಡೆ ಸಿಗಲಿಲ್ಲ" ಎಂದೆ.

ಅವ್ವ ತಿರುಗಿದಳು. "ಛೆ. ನಾನು ಅಷ್ಟು ಮೇಲಿನ ದನೀಲಿ ಎತ್ತಬಾರ್ದಿತ್ತು. ಇಷ್ಟು ದಿನ ಅವ್ಳು ಕಷ್ಟಪಟ್ಕಂಡು ಹೇಳಿದಾಳೆ. ನನಗೆ ಗೊತ್ತಾಗ್ಬೇಕಿತ್ತು, ನಂಗಿಂತ ದೊಡ್ಡೋಳು ಅವ್ಳು."

ಆ ವಾರವೆಲ್ಲ ಅವಳು ಕೆಲಸ ಮಾಡುತ್ತಾ ಹಾಡುಗಳನ್ನು ಕೆಳಗಿನ ದನಿಗೆ ಇಳಿಸುತ್ತಿದ್ದಳು. ಕೊಟ್ಟಿಗೆಯಲ್ಲಿ, ಹಿತ್ತಿಲಿನಲ್ಲಿ, ಬಟ್ಟೆ ಒಗೆಯುವಾಗ. ಇಳಿಸಿದರೆ ಕೆಲವು ಸಾಲುಗಳು ಅವಳಿಗೇ ಹಿಡಿತಕ್ಕೆ ಸಿಗುತ್ತಿರಲಿಲ್ಲ. ನಿಲ್ಲಿಸಿ ಮತ್ತೆ ಮೊದಲಿನಿಂದ. ಪ್ರಸಾರವೇ ಇಲ್ಲದ ಮೇಲೆ ಇದು ಯಾರಿಗೆ ಎಂದು ಅಪ್ಪ ಕೇಳಲಿಲ್ಲ, ನಾನೂ ಕೇಳಲಿಲ್ಲ. ಶನಿವಾರ ಬೆಳಿಗ್ಗೆ ಅವಳು ಒಳ್ಳೆಯ ಸೀರೆ ಉಟ್ಟು ಹೊರಟು ನಿಂತಳು.

"ಹುಂಚಕ್ಕೆ ಹೋಗ್ಬರ್ತೀನಿ."

"ದೊಡ್ಡಮ್ಮನಿಗೆ ಫೋನ್ ಮಾಡಿ ಬರೋಕೆ ಹೇಳಲಾ? ರೇಡಿಯೋ ಇಲ್ಲದ ಮೇಲೆ ಅವರು ಯಾಕೆ ಬರ್ತಾರೆ?"

"ಬೇಡ. ಕರೆಸ್ಕಂಡಂಗಾಗ್ತದೆ."

ದೊಡ್ಡಮ್ಮ ಬಂದಿರಲಿಲ್ಲ. ಅವ್ವ ಆ ಮನೆಯ ಹಿತ್ತಿಲ ಜಗಲಿಯಲ್ಲಿ ಸಂಜೆಯ ಬಸ್ಸಿನವರೆಗೂ ಕೂತಿದ್ದಳಂತೆ. ಬಂದ ಮೇಲೆ, ಬಸ್ಸಿನಲ್ಲಿ ನಿಲ್ಲಲೂ ಜಾಗವಿರಲಿಲ್ಲ ಎಂದಷ್ಟೇ ಹೇಳಿ ಕಾಲು ತೊಳೆಯಲು ಹೋದಳು. ಮುಂದಿನ ಶನಿವಾರವೂ ಹೋದಳು. ಆ ಮನೆಯಾಕೆ ತನ್ನ ಅಕ್ಕನಿಗೆ ಸುದ್ದಿ ಮುಟ್ಟಿಸಿರಬಹುದು, ಮುಟ್ಟಿಸದೆಯೂ ಇರಬಹುದು. ನಾನು ವಿಚಾರಿಸಿಲ್ಲ. ವಿಚಾರಿಸಿದರೆ ಅವರಿಬ್ಬರ ನಡುವೆ ನಾನು ಮಾತಾಡಿದ ಹಾಗಾಗುತ್ತದೆ.

ಇವತ್ತು ಶನಿವಾರ. ಅವ್ವ ಬೆಳಿಗ್ಗೆಯೇ ಹೋಗಿದ್ದಾಳೆ. ಸಂಜೆಯ ಬಸ್ಸು ಬಂದು ಹೋದ ಸದ್ದು ಈಗ ಕೇಳಿತು. ರಸ್ತೆಯಿಂದ ನಮ್ಮ ಮನೆಗೆ ಏರು ಹತ್ತಿ ಬರಲು ಅವಳಿಗೆ ಸ್ವಲ್ಪ ಹೊತ್ತು ಬೇಕು. ಬಾಗಿಲು ತೆರೆದಿಟ್ಟಿದ್ದೇನೆ. ಇನ್ನೂ ಕಾಣಿಸಿಲ್ಲ. ಈ ಬಸ್ಸಿಗೆ ಅವಳು ಬಾರದೇ ಇರಲಿ, ಹುಂಚದ ಆ ಜಗಲಿಯಲ್ಲಿ ಇಬ್ಬರ ಹಾಡು ಇನ್ನೂ ಮುಗಿಯದೇ ಇರಲಿ ಎಂದು ನನಗೆ ಮೊದಲ ಬಾರಿಗೆ ಅನ್ನಿಸುತ್ತಿದೆ.